ರಾವುತ ಮರಳಿ ಬಂದ ಅಧ್ಯಾಯ

ಮಧ್ಯಾಹ್ನ ಒಂದೂವರೆಗೆ ನನ್ನ ಬೆಳಗಿನ ಪಾಳಿ ಮುಗಿಯುತ್ತಿತ್ತು. ಎರಡರ ಹೊತ್ತಿಗೆ ಊಟ ಮಾಡಿ, ತಟ್ಟೆ ತೊಳೆದು ಬೋರಲು ಹಾಕಿ, ಎರಡೂಕಾಲು ಗಂಟೆಗೆ ಪುಸ್ತಕ ಹಿಡಿದು ಪಡಸಾಲೆಗೆ ಬರುತ್ತಿದ್ದೆ. ಕಥೆ ಎಲ್ಲೇ ಇರಲಿ, ನಾಲ್ಕಕ್ಕೆ ಓದು ನಿಲ್ಲುತ್ತಿತ್ತು. ಐದಕ್ಕೆ ಮತ್ತೆ ನರ್ಸಿಂಗ್ ಹೋಮು. ಹರಪನಹಳ್ಳಿಯಲ್ಲಿ ಕಳೆದ ವರ್ಷಗಳೆಂದರೆ ನನಗೆ ಮೊದಲು ನೆನಪಾಗುವುದು ಈ ಗಡಿಯಾರ, ಆಮೇಲೆ ತಂಬಾಕಿನ ಘಾಟು.

ಹಿರೇಹಡಗಲಿಯ ನಮ್ಮ ಕೇರಿಯಿಂದ ಸಂಬಳದ ಕೆಲಸಕ್ಕೆ ಹೋದ ಮೊದಲ ಹೆಂಗಸು ನಾನು. ಹದಿನೇಳನೆಯ ವಯಸ್ಸಿಗೆ ನರ್ಸ್ ತರಬೇತಿಗೆ ಸೇರಿದೆ. ಅಲ್ಲಿನ ಮೇಟ್ರನ್ ಹಾಸಿಗೆಯ ನಾಲ್ಕೂ ಮೂಲೆಯನ್ನು ಒಂದೇ ಅಳತೆಗೆ ಮಡಿಸುವುದನ್ನು ಕಲಿಸಿದರು, ಕೈ ತೊಳೆಯುವುದನ್ನು ಕಲಿಸಿದರು, ವಾರ್ಡಿನಲ್ಲಿ ಕೇಳಿದ್ದನ್ನು ವಾರ್ಡಿನ ಬಾಗಿಲಲ್ಲೇ ಬಿಟ್ಟು ಬರುವುದನ್ನು ಕಲಿಸಿದರು. ಮೂರನೆಯದನ್ನು ಕಲಿಸಿದ ರೀತಿ ಹೀಗೆ: ನಮ್ಮ ಜೊತೆಗಿದ್ದ ಹುಡುಗಿಯೊಬ್ಬಳು ಒಬ್ಬ ರೋಗಿಯ ವಿಷಯವನ್ನು ಕಿರಾಣಿ ಅಂಗಡಿಯಲ್ಲಿ ಆಡಿದಳು. ಮರುದಿನ ಬೆಳಿಗ್ಗೆ ಅವಳ ಟ್ರಂಕು ಹೊರಗಿತ್ತು. ಅದನ್ನು ಬಸ್ಸಿನವರೆಗೆ ಹೊತ್ತವರಲ್ಲಿ ನಾನೂ ಒಬ್ಬಳು. ಅವಳು ಅಳುತ್ತಿದ್ದಳು, ನಾನು ಟ್ರಂಕಿನ ಹಿಡಿಕೆ ನೋಡುತ್ತಿದ್ದೆ. ಆ ಪಾಠವನ್ನು ನಾನು ಮತ್ತೆ ಹೇಳಿಸಿಕೊಳ್ಳಬೇಕಾಗಲಿಲ್ಲ.

ಹರಪನಹಳ್ಳಿಯಲ್ಲಿ ನಾನಿದ್ದದ್ದು ಖಾಲಾ ಅವರ ಹಿತ್ತಲ ಕೋಣೆಯಲ್ಲಿ, ಬಾಡಿಗೆಗೆ. ಖಾಲಾ ಎಂದರೆ ಅವರ ಮಾತಿನಲ್ಲಿ ಚಿಕ್ಕಮ್ಮ. ಓಣಿಯ ಹಿಂದೂ ಹೆಂಗಸರೂ ಹಾಗೆಯೇ ಕರೆಯುತ್ತಿದ್ದುದರಿಂದ ನನಗೂ ಅದೇ ಬಾಯಿಗೆ ಬಂತು. ಅವರ ಮಗ ಬಸ್‌ಸ್ಟ್ಯಾಂಡಿನ ಹತ್ತಿರ ಲಾರಿ ರಿಪೇರಿ ಮಾಡುತ್ತಿದ್ದ. ಮನೆಯ ಮುಂದಿನ ಉದ್ದ ಪಡಸಾಲೆಯಲ್ಲಿ ಖಾಲಾ ಸೇರಿ ಏಳೆಂಟು ಹೆಂಗಸರು ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ತಗಡಿನ ಅಳತೆಯಿಟ್ಟು ಎಲೆ ಕತ್ತರಿಸುವುದು, ತಂಬಾಕು ತುಂಬಿ ಸುತ್ತುವುದು, ನೂಲು ಬಿಗಿಯುವುದು, ಉಗುರಿನಿಂದ ಬಾಯಿ ಮುಚ್ಚುವುದು. ಕೈಗೆ ಒಂದು ಗಳಿಗೆ ಪುರಸೊತ್ತಿಲ್ಲ, ಕಿವಿಗೆ ದಿನವಿಡೀ ಕೆಲಸವಿಲ್ಲ. ಅದಕ್ಕೆ ಅವರೊಂದು ಪದ್ಧತಿ ಮಾಡಿಕೊಂಡಿದ್ದರು. ಓದಲು ಬರುವವಳು ಕಥೆಪುಸ್ತಕ ಓದಬೇಕು, ಉಳಿದವರು ಒಬ್ಬೊಬ್ಬರು ಒಂದೊಂದು ಕಟ್ಟು ಬೀಡಿ ಅವಳ ಮೊರಕ್ಕೆ ಹಾಕಬೇಕು. ಹಾಗೆ ಓದುತ್ತಿದ್ದವಳು ಕೊಟ್ಟೂರಿಗೆ ಮದುವೆಯಾಗಿ ಹೋದಾಗ ಪಡಸಾಲೆ ಮೂಕವಾಯಿತು. ಖಾಲಾ ನನ್ನ ಕೋಣೆಯ ಬಾಗಿಲಿಗೆ ಬಂದು, ಮಧ್ಯಾಹ್ನ ಸುಮ್ಮನೆ ಮಲಗುವ ಬದಲು ಒಂದಿಷ್ಟು ಓದಿ ಹೇಳಬಾರದೇ ಎಂದು ಕೇಳಿದರು. ನಾನು ಮಧ್ಯಾಹ್ನ ಮಲಗುವವಳಲ್ಲ ಎಂದೆ. ಹಾಗಾದರೆ ಇನ್ನೂ ಒಳ್ಳೆಯದಾಯಿತು ಎಂದರು. ನನಗೆ ಬೀಡಿ ಬೇಡವಾದ್ದರಿಂದ ದಿನಕ್ಕೊಬ್ಬರು ನನ್ನ ಪಾಲಿಗೆ ಒಂದು ಜೋಳದ ರೊಟ್ಟಿ ತರುವುದೆಂದು ತೀರ್ಮಾನವಾಯಿತು. ಸುಮ್ಮನೆ ಓದಿಸಿಕೊಳ್ಳಲು ಅವರು ಒಪ್ಪಲಿಲ್ಲ.

ಗ್ರಂಥಾಲಯದ ಕಾರ್ಡು ನನ್ನದು, ಆಯ್ಕೆ ಅವರದು. ಮೊದಲ ಸಲ ನಾನು ಈ ಕಾಲದ ಸಂಸಾರದ ಕಾದಂಬರಿಯೊಂದನ್ನು ತಂದೆ. ಹತ್ತು ಪುಟವಾಗುವುದರೊಳಗೆ ಖಾಲಾ ಕೈ ಎತ್ತಿದರು. “ಇದು ನಮ್ಮ ಮನ್ಯಾಗ ಐತಿ ನರ್ಸಕ್ಕ, ಓದಿ ಏನ್ ಹೇಳ್ತೀರಿ. ಕುದ್ರಿ ಇರೋದು ತರ್ರಿ.”

ಕುದುರೆ ಇರುವುದೆಂದರೆ ಪಾಳೆಯಗಾರರ ಕಾಲದ್ದು, ಕೋಟೆ ಇರುವಂಥದ್ದು. ಬರೀ ಯುದ್ಧವಾದರೆ ಆಗದು. ಗಂಡ ಹೆಂಡಿರು ಅಗಲಬೇಕು, ಗಂಡನದು ತಪ್ಪಿರಬೇಕು, ಕೊನೆಗೆ ಅವನು ಬರಬೇಕು. ಅಂಥ ಪುಸ್ತಕಗಳು ಗ್ರಂಥಾಲಯದ ಕಪಾಟಿನಲ್ಲಿ ಬೇಕಾದಷ್ಟಿದ್ದವು. ನಾನು ಮೂವತ್ತಕ್ಕಿಂತ ಹೆಚ್ಚು ಓದಿದೆ. ನನಗೆ ಅವುಗಳ ಮೇಲೆ ಗೌರವ ಬರಲಿಲ್ಲ. ಹೆಂಡತಿಯನ್ನು ಬಿಟ್ಟು ಹೋದವನು ಹನ್ನೆರಡು ವರ್ಷ ಏನು ಮಾಡಿದನೆಂಬುದು ಎರಡು ಪ್ಯಾರಾಗಳ ನಡುವಿನ ಖಾಲಿ ಸಾಲಿನಲ್ಲಿ ಮುಗಿದುಹೋಗುತ್ತಿತ್ತು. ಅವನ ಗಾಯ ಯಾವಾಗಲೂ ತೋಳಿಗೋ ಹೆಗಲಿಗೋ ಆಗಿರುತ್ತಿತ್ತು, ಕೀವಾಗುತ್ತಿರಲಿಲ್ಲ. ಯಾರಿಗೂ ಭೇದಿಯಾಗುತ್ತಿರಲಿಲ್ಲ. ಅವನು ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ ಕೂಡಲೇ ಅವಳ ಹನ್ನೆರಡು ವರ್ಷ ತೊಳೆದುಹೋಗುತ್ತಿತ್ತು. ನಾನು ವಾರ್ಡಿನಲ್ಲಿ ನೋಡಿದ ಗಂಡಂದಿರು ಹಾಗಿರಲಿಲ್ಲ, ಹೆಂಡಿರೂ ಹಾಗಿರಲಿಲ್ಲ. ಆದರೆ ಆ ಕೊನೆಯ ಅಧ್ಯಾಯ ಬಂದಾಗ ಪಡಸಾಲೆಯಲ್ಲಿ ಕತ್ತರಿಯ ಸದ್ದು ನಿಲ್ಲುತ್ತಿತ್ತು. ನಾನೂ ಒಮ್ಮೊಮ್ಮೆ ಕೆಮ್ಮಿ ಮುಂದಿನ ಸಾಲಿಗೆ ಹೋಗುತ್ತಿದ್ದೆ.

ಅವರದು ಇನ್ನೊಂದು ಪದ್ಧತಿಯಿತ್ತು. ಮನೆಯಲ್ಲಿ ತೀರದ ಮಾತನ್ನು ಪುಸ್ತಕಕ್ಕೆ ಬಿಡುವುದು. ಖಾಲಾ ಅವರ ಸೊಸೆ ಹೆರಿಗೆಗೆ ಮುಂಚೆಯೇ ತವರಿಗೆ ಹೋಗುತ್ತೇನೆಂದಳು, ಖಾಲಾ ಬೇಡವೆಂದರು. ಒಂದು ವಾರ ಜಗಳವಾದ ಮೇಲೆ, ಕಥೆಯ ರಾಣಿ ತವರಿಗೆ ಹೋದರೆ ನೀನೂ ಹೋಗು ಎಂದು ಖಾಲಾ ಷರತ್ತು ಹಾಕಿದರು. ರಾಣಿ ಪಲ್ಲಕ್ಕಿ ಹತ್ತಿದಳು. ಎಲ್ಲರೂ ನಕ್ಕರು, ಸೊಸೆ ಆವತ್ತೇ ಸಂಜೆ ಬಟ್ಟೆ ಕಟ್ಟಿಕೊಂಡಳು. ನಾನಿದನ್ನು ಆಟವೆಂದುಕೊಂಡಿದ್ದೆ. ಅವರು ನಗುತ್ತಲೇ ಒಪ್ಪುತ್ತಿದ್ದರು, ಆದರೆ ಒಪ್ಪಿದ್ದನ್ನು ಮೀರಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ಆ ಹೆಂಗಸರಲ್ಲಿ ಒಬ್ಬಳು ಕಂಬಕ್ಕೆ ಒರಗಿ ಕೂರುತ್ತಿದ್ದಳು. ಇಪ್ಪತ್ತೆಂಟು ವರ್ಷ. ಎಲ್ಲರಿಗಿಂತ ಚುರುಕು ಕೈ, ಎಲ್ಲರಿಗಿಂತ ಕಡಿಮೆ ಮಾತು. ಎರಡು ಮನೆ ಆಚೆ ಒಂಟಿ ಕೋಣೆಯಲ್ಲಿ ಒಬ್ಬಳೇ ಇದ್ದಳು. ಗಂಡ ಲಾರಿ ಡ್ರೈವರು. ಮದುವೆಯಾದ ಎರಡು ವರ್ಷಕ್ಕೆ ಬಾಂಬೆ ಕಡೆಯ ಲೋಡು ಹಿಡಿದು ಹೋದವನು ತಿರುಗಿ ಬರಲಿಲ್ಲ. ಅಲ್ಲೊಬ್ಬಳನ್ನು ಇಟ್ಟುಕೊಂಡಿದ್ದಾನೆಂದು ಕೂಡ್ಲಿಗಿಯ ಢಾಬಾದಲ್ಲಿ ಯಾರೋ ಯಾರಿಗೋ ಹೇಳಿದ ಸುದ್ದಿ ಬಿಟ್ಟರೆ ಒಂಬತ್ತು ವರ್ಷ ಅವನ ಸುಳಿವಿಲ್ಲ. ಆಕೆ ತಾಳಿ ತೆಗೆದಿರಲಿಲ್ಲ, ಅವನ ವಿಷಯ ಎತ್ತುತ್ತಲೂ ಇರಲಿಲ್ಲ. ಮೂರನೆಯ ಇಯತ್ತೆಯವರೆಗೆ ಶಾಲೆಗೆ ಹೋಗಿದ್ದಳಂತೆ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಆಗ ನಾವು ಓದುತ್ತಿದ್ದ ಪುಸ್ತಕದಲ್ಲಿ ಒಬ್ಬ ರಾವುತನಿದ್ದ, ಪಾಳೆಯಗಾರನ ಕುದುರೆ ಸವಾರ. ಹೊಸ ಹೆಂಡತಿಯನ್ನು ಬಿಟ್ಟು, ಅರಮನೆಯ ನರ್ತಕಿಯ ಹಿಂದೆ ಹೋಗಿ, ಕೊನೆಗೆ ಶತ್ರುಗಳ ದಂಡಿಗೆ ಸೇರಿದವನು. ಹೆಂಡತಿ ದಂಡಿನ ದಾರಿಯಲ್ಲಿ ಅರವಟ್ಟಿಗೆ ಇಟ್ಟುಕೊಂಡು ದಾರಿಹೋಕರಿಗೆ ನೀರು ಕೊಡುತ್ತಾ ಬದುಕುತ್ತಿದ್ದಳು. ಅವನು ಮರಳಿ ಬರುತ್ತಾನೆಂಬುದು ಎಲ್ಲರಿಗೂ ಗೊತ್ತಿತ್ತು. ಹೇಗೆ ಬರುತ್ತಾನೆಂದು ಕಾಯುತ್ತಿದ್ದರು.

ಅದೇ ವಾರ ನರ್ಸಿಂಗ್ ಹೋಮಿಗೆ ಒಬ್ಬ ಬಂದ. ಕೆಮ್ಮು, ಜ್ವರ, ನಾಲಿಗೆಯ ಮೇಲೆ ಬಿಳಿ ಪೊರೆ, ಅಂಗಿಯೊಳಗೆ ಕೋಲಿನಂಥ ಮೈ. ರಿಜಿಸ್ಟರಿನಲ್ಲಿ ಬರೆಯಲು ಊರು, ಓಣಿ ಕೇಳಿದೆ. ಅವನು ಹೇಳಿದ ಓಣಿ ನಮ್ಮದು. ಮನೆಯವರು ಯಾರೆಂದು ಕೇಳಿದೆ. ಹೆಂಡತಿ ಬೀಡಿ ಕಟ್ಟುತ್ತಾಳೆ ಎಂದ. ನನ್ನ ಪೆನ್ನು ಅಲ್ಲಿಗೆ ನಿಂತಿತು, ಆಮೇಲೆ ಬರೆದೆ.

ಡಾಕ್ಟರು ರಕ್ತ ತೆಗೆಸಿದರು. ಆಗ ನಾವು ಸೀಸೆಯನ್ನು ಮಂಜುಗಡ್ಡೆ ತುಂಬಿದ ಥರ್ಮಾಸಿನಲ್ಲಿಟ್ಟು ದಾವಣಗೆರೆ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದೆವು. ಮೂರನೆಯ ದಿನ ಅಂಟಿಸಿದ ಲಕೋಟೆ ಬಂತು. ಡಾಕ್ಟರು ಬಾಗಿಲು ಹಾಕಿಸಿ, ನನ್ನನ್ನು ಅಲ್ಲೇ ನಿಲ್ಲಿಸಿಕೊಂಡು ಅವನಿಗೆ ವಿಷಯ ಹೇಳಿದರು. ಕ್ಷಯವೂ ಇದೆ, ಅದಕ್ಕೆ ಗುಳಿಗೆ ಇದೆ. ಇನ್ನೊಂದು ಇದೆ, ಅದಕ್ಕೆ ಇಲ್ಲಿ ಗುಳಿಗೆ ಇಲ್ಲ. ಹೆಂಡತಿಯ ಹತ್ತಿರ ಹೋಗಬಾರದು, ಹೋಗುವುದಿದ್ದರೆ ಮೊದಲು ಹೇಳಬೇಕು, ನಿರೋಧ್ ಇಲ್ಲದೆ ಕೂಡದು. ಅವನು ಎಲ್ಲವನ್ನೂ ಕೇಳಿಸಿಕೊಂಡ.

“ಸಾರ್, ಇನ್ನ ಎಷ್ಟು ದಿನಾ ಅದಾವು ಹೇಳ್ರಿ. ಅಷ್ಟು ದಿನ ಆಕಿ ಕೂಡ ಇರ್ತೀನಿ. ಮಾಡಿದ್ದು ತಪ್ಪು ಅಂತ ಆಕಿ ಮುಂದ ಹೇಳಬೇಕಾಗೇತಿ.”

ಮೊದಲು ರೋಗದ ಮಾತು ಹೇಳು ಎಂದು ಡಾಕ್ಟರು ಮತ್ತೆ ಹೇಳಿದರು. ಹೇಳುತ್ತೇನೆ ಎಂದ. ವರದಿಯ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋದ.

ನಾನು ಡಾಕ್ಟರನ್ನು ಕೇಳಿದೆ, ಆಕೆ ನನಗೆ ಗೊತ್ತಿರುವವಳು, ನಾನೇ ಹೇಳಲೇ ಎಂದು. ಅವರು ಬೇಡವೆಂದರು. ಅವನೇ ಹೇಳುತ್ತೇನೆ ಅಂದಿದ್ದಾನೆ, ನಾವು ಹೊರಗೆ ಬಾಯಿ ಬಿಟ್ಟರೆ ನಾಳೆ ಈ ರೋಗದವರು ಯಾರೂ ಒಳಗೆ ಕಾಲಿಡುವುದಿಲ್ಲ ಎಂದರು. ಅದು ನನಗೆ ಕಲಿಸಿದ ಮಾತೇ ಆಗಿತ್ತು. ನಾನು ವಾದ ಮಾಡಲಿಲ್ಲ.

ಮರುದಿನ ಮಧ್ಯಾಹ್ನ ಖಾಲಾ ಪಡಸಾಲೆಯಲ್ಲಿ ಸುದ್ದಿ ಹೇಳಿದರು. ಅವನು ಬಸ್‌ಸ್ಟ್ಯಾಂಡಿನ ಹತ್ತಿರ ಗೆಳೆಯನೊಬ್ಬನ ಕೋಣೆಯಲ್ಲಿದ್ದಾನೆ, ಬಂದರೆ ಒಳಗೆ ಕರೆಯುತ್ತಾಳಾ ಎಂದು ಖಾಲಾ ಅವರ ಮಗನ ಕೈಯಲ್ಲಿ ಕೇಳಿಸಿದ್ದಾನೆ. ಎಲ್ಲರೂ ಕಂಬದ ಕಡೆ ತಿರುಗಿದರು.

“ಟೈರು ಸವದ ಮ್ಯಾಲ ಮನಿ ನೆನಪಾತು ನೋಡು,” ಎಂದಳು ಒಬ್ಬಳು.

“ಬರ್ಲಿ ಬಿಡು, ಎಲಿ ಕತ್ತರಿಸಾಕ ಒಂದ್ ಕೈ ಆತು,” ಎಂದಳು ಇನ್ನೊಬ್ಬಳು.

ಆಕೆ ಕೈಯಲ್ಲಿದ್ದ ಬೀಡಿಗೆ ನೂಲು ಬಿಗಿದು ಮೊರಕ್ಕೆ ಹಾಕಿದಳು. “ಪುಸ್ತಕ ಮುಗೀಲಿ. ಆ ರಾವುತನ ಹೇಣ್ತಿ ಏನ್ ಮಾಡ್ತಾಳ ನೋಡಿ ಹೇಳ್ತೀನಿ.”

ಹೆಂಗಸರು ನಕ್ಕರು. ಆಕೆಯೂ ಸ್ವಲ್ಪ ನಕ್ಕಳು. ನಾನು ಪುಟ ಎಣಿಸಿದೆ. ಅರವತ್ತು ಉಳಿದಿದ್ದವು, ದಿನಕ್ಕೆ ಹದಿನೈದರಂತೆ ನಾಲ್ಕು ದಿನ.

ಆ ಸಂಜೆ ಪಾಳಿ ಮುಗಿದ ಮೇಲೆ ನಾನೊಬ್ಬಳೇ ಕೂತು ಕೊನೆಯವರೆಗೆ ಓದಿದೆ. ನನಗೆ ಗೊತ್ತಿದ್ದದ್ದೇ ಅಲ್ಲಿತ್ತು. ರಾವುತ ಒಂದು ಕೈ ಕಳೆದುಕೊಂಡು ಬಂದು ಬಾಗಿಲು ಬಡಿಯುತ್ತಾನೆ. ಅವಳು ಅಗಳಿ ತೆಗೆಯುತ್ತಾಳೆ, ಬಿಸಿನೀರಿನಲ್ಲಿ ಅವನ ಕಾಲು ತೊಳೆಯುತ್ತಾಳೆ, ಹನ್ನೊಂದು ಪುಟ ಇಬ್ಬರೂ ಅಳುತ್ತಾರೆ. ಮೂರು ದಿನ ನಾನು ಆಕೆಯ ಗಂಡ ಬಂದು ಹೇಳಿಯಾನೆಂದು ಕಾದೆ. ಖಾಲಾ ಅವರ ಮಗನ ಕೈಯಲ್ಲಿ ಬಾಳೆಹಣ್ಣು ಬಂತು, ಹೂವು ಬಂತು, ಆ ಮಾತು ಬರಲಿಲ್ಲ. ಹೂವನ್ನು ಆಕೆ ಮುಡಿಯಲಿಲ್ಲ, ನೀರಿನ ಬಟ್ಟಲಲ್ಲಿ ಇಟ್ಟಳು.

ನಾಲ್ಕನೆಯ ದಿನ ನಾನು ಬಾಗಿಲು ಬಡಿಯುವವರೆಗೆ ಇದ್ದದ್ದನ್ನು ಇದ್ದಂತೆ ಓದಿದೆ. ಅಲ್ಲಿಂದ ಮುಂದೆ ಕಣ್ಣು ಪುಟದ ಮೇಲಿಟ್ಟೇ ಬೇರೆ ಹೇಳಿದೆ. ಅವಳು ಕಿಟಕಿಯಿಂದ ನೀರಿನ ಚೊಂಬು ಚಾಚಿದಳು. ಕುಡಿದು ಹೋಗು ಅಂದಳು. ಅಗಳಿ ತೆಗೆಯಲಿಲ್ಲ. ಅವನು ಕುಡಿದ. ಬೆಳಗಾಗುವ ಹೊತ್ತಿಗೆ ಅವನ ಹೆಜ್ಜೆಗಳು ಊರಾಚೆ ಹೋಗಿದ್ದವು. ಅವಳು ಎಂದಿನಂತೆ ಕೊಡ ತುಂಬಿ ಅರವಟ್ಟಿಗೆಯ ಬಾಗಿಲು ತೆರೆದಳು.

ಅಷ್ಟೇ ನನಗೆ ಹೊಳೆದದ್ದು. ವಾರ್ಡಿನ ಚಾರ್ಟಿನಲ್ಲಿ ಬರೆದ ಹಾಗಿದ್ದವು ಆ ವಾಕ್ಯಗಳು. ಪುಸ್ತಕ ಮುಚ್ಚಿದೆ. ಯಾರೂ ಮೂಗು ಒರೆಸಿಕೊಳ್ಳಲಿಲ್ಲ.

“ಇದೆಂಥಾ ಪುಸ್ತಕಾ,” ಎಂದರು ಖಾಲಾ. “ಇಷ್ಟು ದೂರ ಕರ್ಕೊಂಡು ಬಂದು ನೀರು ಕುಡಿಸಿ ಕಳಿಸ್ತಾನಲ್ಲ ಬರದಾಂವ.”

ಆಕೆ ಬೀಡಿಯ ಬಾಯಿ ಮುಚ್ಚುತ್ತಾ ಕೂತಿದ್ದಳು. ನಾಲ್ಕು ಗಂಟೆಗೆ ನಾನು ಎದ್ದಾಗ ಪುಸ್ತಕವನ್ನು ಎರಡು ದಿನದ ಮಟ್ಟಿಗೆ ಕೊಡಿ ಎಂದು ಕೇಳಿದಳು. ವಾಪಸ್ ಕೊಡಬೇಕು ಎಂದೆ. ಚೀಟಿಯ ಮೇಲೆ ಇನ್ನೂ ಐದು ದಿನವಿದೆ, ಮೊನ್ನೆ ನೀವೇ ಹೇಳಿದಿರಿ ಎಂದಳು. ಅದು ನಿಜ. ಇಲ್ಲವೆನ್ನಲು ನನಗೆ ಇನ್ನೊಂದು ಸುಳ್ಳು ಸಿಗಲಿಲ್ಲ. ಮೂರನೆಯ ಇಯತ್ತೆಯವಳು ಕೂಡಕ್ಷರ ದಾಟಲಾರಳು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡು ಕೊಟ್ಟೆ.

ಮೂರು ದಿನ ಆಕೆ ಪಡಸಾಲೆಗೆ ಬರಲಿಲ್ಲ. ಪಾಳಿಗೆ ಹೋಗುವಾಗ ಆಕೆಯ ಬಾಗಿಲಿನಿಂದ ನೋಡುತ್ತಿದ್ದೆ. ಪುಸ್ತಕವನ್ನು ಕೊಡಕ್ಕೆ ಆನಿಸಿ, ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಆಡಿಸುತ್ತಾ ಕೂತಿರುತ್ತಿದ್ದಳು. ಪಕ್ಕದಲ್ಲಿ ನೆನೆಸಿದ ಎಲೆ ಒಣಗುತ್ತಿತ್ತು. ಅಷ್ಟು ಕಷ್ಟಪಟ್ಟು ಆ ಕಾದಂಬರಿಯನ್ನು ಬೇರೆ ಯಾರೂ ಓದಿರಲಾರರು.

ಮೂರನೆಯ ದಿನ ಸಂಜೆ ಪುಸ್ತಕ ತಂದು ನನ್ನ ಹೊಸ್ತಿಲ ಮೇಲಿಟ್ಟಳು.

“ನೀವು ಓದಿದ್ದು ಇದರಾಗ ಇಲ್ರಿ. ಆಕಿ ಬಾಗಲಾ ತಗೀತಾಳ. ಕಾಲು ತೊಳೀತಾಳ. ಹನ್ನೊಂದು ಪುಟಾ ಅದಾವು, ನೀವು ಒಂದೂ ಓದಲಿಲ್ಲ.”

ನಾನು ಪುಸ್ತಕ ಎತ್ತಿಕೊಂಡೆ.

“ನಿಮಗ ಗಂಡ ಇಲ್ಲ ಅಂತ ನನಗೂ ಬ್ಯಾಡೇನ್ರಿ ನರ್ಸಕ್ಕ.”

ಆಗ ಹೇಳಬಹುದಿತ್ತು. ಕಾರಣವಿಲ್ಲದೆ ಹಾಗೆ ಮಾಡುವವಳು ನಾನಲ್ಲ, ಅವನ ಜೇಬಿನಲ್ಲಿ ಒಂದು ಕಾಗದವಿದೆ, ಕೇಳಿ ನೋಡು ಎಂದಿದ್ದರೆ ಸಾಕಿತ್ತು. ಐದಕ್ಕೆ ಹತ್ತು ನಿಮಿಷವಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಡ್ಯೂಟಿಗೆ ಹೋದೆ.

ಮರುದಿನ ಬೆಳಿಗ್ಗೆ ಅವನು ರೆಕ್ಸಿನ್ ಚೀಲ ಹಿಡಿದು ಬಂದ. ಬಾಗಿಲು ತೆರೆದೇ ಇತ್ತು. ಬಿಸಿನೀರಿನಲ್ಲಿ ಕಾಲು ತೊಳೆದಳಂತೆ, ಖಾಲಾ ನೋಡಿ ಬಂದು ಕಣ್ಣೊರೆಸಿಕೊಂಡರು.

ಎಂಟು ದಿನ ತಡೆದೆ. ಒಂಬತ್ತನೆಯ ದಿನ ಡಾಕ್ಟರಿಗೂ ಹೇಳದೆ, ಆಕೆ ಒಬ್ಬಳೇ ಇದ್ದ ಹೊತ್ತು ನೋಡಿ ಹೋಗಿ, ಅವನಿಗಿರುವ ರೋಗದ ಹೆಸರನ್ನು ಮೊದಲ ಬಾರಿ ಬಾಯಿಬಿಟ್ಟು ಹೇಳಿದೆ. ಹೇಗೆ ಹರಡುತ್ತದೆಂದೂ ಹೇಳಿದೆ. ಆಕೆ ಎಲೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

“ಅವರು ಎಲ್ಲಾ ಹೇಳ್ಯಾರ್ರಿ, ಟಿಬಿ ಐತಿ ಅಂತ. ಗುಳಿಗಿ ತಗೊಳ್ಳಾಕ ಹತ್ಯಾರ. ಪುಸ್ತಕದಾಗ ಇಲ್ಲದ್ದು ಓದಿದಂಗ ಇದನ್ನೂ ಓದಾಕ ಹತ್ತೀರೇನು.”

ವರದಿ ಎಲ್ಲಿದೆ ತೋರಿಸಿ ಎಂದಳು. ವರದಿ ಅವನು ಒಯ್ದಿದ್ದ. ನಮ್ಮ ರಿಜಿಸ್ಟರಿನಲ್ಲಿ ಬರೀ ನಂಬರಿತ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದೆ, ಬರುವುದಿಲ್ಲ ಎಂದಳು. ನಾನು ಡಾಕ್ಟರ ಮುಂದೆ ನಿಂತು, ಹೇಳಿಬಿಟ್ಟಿದ್ದೇನೆ, ನಂಬುತ್ತಿಲ್ಲ, ನೀವು ಬನ್ನಿ ಎಂದು ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ನಿಯಮ ಮುರಿದದ್ದು ಗೊತ್ತಾದರೆ ಟ್ರಂಕು ಹೊರಗೆ ಬೀಳುತ್ತದೆಂಬ ಹೆದರಿಕೆ ನಲವತ್ತು ದಾಟಿದ ಮೇಲೂ ನನ್ನೊಳಗಿತ್ತು. ಮುಂದಿನ ಸಲ ಅವನು ಗುಳಿಗೆಗೆ ಬಂದಾಗ ಹೆಂಡತಿಗೆ ಹೇಳಿದೆಯಾ ಎಂದು ಡಾಕ್ಟರು ಕೇಳಿದರು. ಹೇಳಿದ್ದೇನೆ ಸಾರ್ ಎಂದ. ನನ್ನ ಮುಖ ನೋಡಲಿಲ್ಲ.

ಪುಸ್ತಕದ ವಿಷಯ ತಿಳಿದ ಮೇಲೆ ಪಡಸಾಲೆಯಲ್ಲಿ ನನ್ನನ್ನು ಯಾರೂ ಓದಲು ಕರೆಯಲಿಲ್ಲ. ರೊಟ್ಟಿಯೂ ನಿಂತಿತು. ಎರಡೂಕಾಲು ಗಂಟೆಗೆ ನಾನು ನನ್ನ ಕೋಣೆಯಲ್ಲೇ ಕುರ್ಚಿಯ ಮೇಲೆ ಕೂರುತ್ತಿದ್ದೆ, ನಾಲ್ಕಕ್ಕೆ ಏಳುತ್ತಿದ್ದೆ. ಪಾಳಿಗೆ ಹೋಗಿ ಬರುವಾಗ ಎಲ್ಲವೂ ಕಾಣುತ್ತಿತ್ತು. ಇಲ್ಲಿ ನಾನು ಒಂದು ವಿಷಯ ಮುಚ್ಚಿಡದೆ ಬರೆಯಬೇಕು. ಅವನು ಒಳ್ಳೆಯವನಾಗಿದ್ದ. ಹೆಂಗಸರ ನಡುವೆ ಕೂತು ತಗಡಿಟ್ಟು ಎಲೆ ಕತ್ತರಿಸುತ್ತಿದ್ದ. ಗಂಡಸು ಎಲೆ ಕತ್ತರಿಸುವುದನ್ನು ನೋಡಿ ಓಣಿ ನಕ್ಕರೆ ತಾನೂ ನಗುತ್ತಿದ್ದ. ಅವಳಿಗಿಂತ ಮೊದಲು ಎದ್ದು ಒಲೆ ಹಚ್ಚುತ್ತಿದ್ದ. ಉಸಿರು ಸಾಲದಿದ್ದರೂ ಎರಡು ಕೊಡ ನೀರು ತರುತ್ತಿದ್ದ. ಜಾತ್ರೆಯಿಲ್ಲದ ಒಂದು ಸೋಮವಾರ ಅವಳನ್ನು ಬಸ್ಸಿನಲ್ಲಿ ಮೈಲಾರಕ್ಕೆ ಕರೆದುಕೊಂಡು ಹೋಗಿ ಬಂದ. ಇಬ್ಬರ ಹಣೆಯ ಮೇಲೂ ಭಂಡಾರವಿತ್ತು, ಅವಳ ಕೈಯಲ್ಲಿ ಹೊಸ ಬಳೆಯಿತ್ತು. ಆ ಒಂದೂವರೆ ವರ್ಷದಲ್ಲಿ ಅವಳು ನಕ್ಕಷ್ಟು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆ ಕಾದಂಬರಿಗಳು ಸುಳ್ಳು ಹೇಳುತ್ತವೆ ಎಂದುಕೊಂಡಿದ್ದೆನಲ್ಲ, ಅವು ಹೇಳಿದ್ದಷ್ಟೂ ನನ್ನ ಕಣ್ಣೆದುರೇ ನಡೆಯಿತು. ತಪ್ಪು ಮಾಡಿದವನು ನಿಜವಾಗಿಯೇ ಬದಲಾಗಿದ್ದ. ಒಂದು ಮಾತನ್ನು ಮಾತ್ರ ಹೇಳಲಿಲ್ಲ, ಏಕೆಂದರೆ ಅದನ್ನು ಹೇಳಿದರೆ ಬಾಗಿಲು ಮುಚ್ಚೀತೆಂದು ಹೆದರಿದ್ದ. ನನಗೂ ಅವನಿಗೂ ಆ ಹೆದರಿಕೆಯಲ್ಲಿ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ.

ಎರಡನೆಯ ಮಳೆಗಾಲದಲ್ಲಿ ಅವನು ಸತ್ತ, ದಾವಣಗೆರೆಯ ದೊಡ್ಡ ಆಸ್ಪತ್ರೆಯಲ್ಲಿ. ಅಲ್ಲಿ ಚಾರ್ಟಿನ ಮೇಲೆ ಕೆಂಪಕ್ಷರದಲ್ಲಿ ಬರೆದಿದ್ದನ್ನು ಹೆಣ ತರಲು ಹೋದವರೆಲ್ಲ ಓದಿದರು. ಆಕೆ ಹದಿನೈದು ದಿನ ಬಿಟ್ಟು ನರ್ಸಿಂಗ್ ಹೋಮಿಗೆ ಬಂದು ರಕ್ತ ತೆಗೆಯಿರಿ ಎಂದಳು. ಸೂಜಿ ಚುಚ್ಚಿದವಳು ನಾನೇ. ಥರ್ಮಾಸು ಬಸ್ಸಿಗೆ ಹೋಯಿತು, ಲಕೋಟೆ ಬಂತು. ಡಾಕ್ಟರು ಹೇಳುವಾಗ ಆಕೆ ನನ್ನ ಕಡೆ ಒಮ್ಮೆ ನೋಡಿ ತಲೆ ಆಡಿಸಿದಳು, ಕೇಳಿದ ಲೆಕ್ಕ ತಾಳೆಯಾದಾಗ ಆಡಿಸುವಂತೆ.

ಆಕೆಗೂ ಅದೇ ಇದೆ ಎಂಬ ಸುದ್ದಿಯನ್ನು ಊರಿನಲ್ಲಿ ಹರಡಿದವಳು ನಾನೇ ಎಂದು ಎಲ್ಲರೂ ನಂಬಿದರು. ಬೀಡಿಯ ಕಂಟ್ರಾಕ್ಟರು ಆಕೆಯ ಮೊರವನ್ನು ವಾಪಸ್ ಕಳಿಸಿದ. ಜನ ಬಾಯಲ್ಲಿಡುವ ಸಾಮಾನು, ಆಕೆ ಕಟ್ಟಿದ್ದು ಬೇಡ ಎಂದ. ಬೀಡಿಯಿಂದ ಅದು ಹರಡುವುದಿಲ್ಲ ಎಂದು ನಾನು ಹೋಗಿ ಹೇಳಿದೆ. ಅವನು ಗೌರವದಿಂದಲೇ ಕೇಳಿ, ಗಿರಾಕಿಗಳಿಗೆ ನೀವೇ ಹೇಳ್ತೀರಾ ಎಂದ. ಪಡಸಾಲೆಯಲ್ಲಿ ಕಂಬದ ಪಕ್ಕ ಕೂರುತ್ತಿದ್ದವರು ಒಬ್ಬೊಬ್ಬರಾಗಿ ಆಚೆ ಸರಿದರು. ಖಾಲಾ ಒಬ್ಬರೇ ಸರಿ ಎದುರಿಗೆ ಕೂತು, ಆಕೆ ಕಟ್ಟಿದ ಬೀಡಿಯನ್ನು ತಮ್ಮದರ ಜೊತೆ ಬೆರೆಸಿ ಕಳಿಸುತ್ತಿದ್ದರು. ಅದು ನಾಲ್ಕು ವರ್ಷ ನಡೆಯಿತು. ಕಂಟ್ರಾಕ್ಟರಿಗೆ ಗೊತ್ತಿರಲಿಲ್ಲವೆಂದು ನಾನು ಹೇಳಲಾರೆ.

ಐದನೆಯ ವರ್ಷ ಆಕೆ ಹಾಸಿಗೆ ಹಿಡಿದಳು. ಈ ರೋಗಕ್ಕೆ ಗುಳಿಗೆ ಪುಕ್ಕಟೆ ಕೊಡುತ್ತಾರೆಂಬ ಸುದ್ದಿ ಆಗಷ್ಟೇ ಬಂದಿತ್ತು. ಒಮ್ಮೆ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಗುಳಿಗೆ ಕೊಟ್ಟರು, ಆದರೆ ಅಷ್ಟು ಹೊತ್ತಿಗೆ ಆಕೆಯ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ನಾನು ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಎರಡೂಕಾಲಕ್ಕೊಮ್ಮೆ ಹೋಗುತ್ತಿದ್ದೆ. ಮೈ ಒರೆಸುವುದು, ಬೆನ್ನಿನ ಹುಣ್ಣಿಗೆ ಔಷಧಿ, ಹಾಸಿಗೆ ಬದಲಾಯಿಸುವುದು, ಗಂಜಿ. ಆಕೆ ಬೇಡವೆನ್ನಲಿಲ್ಲ, ಮಾತೂ ಆಡುತ್ತಿರಲಿಲ್ಲ. ಒಂದು ದಿನ ನಾನು ಪುಸ್ತಕ ತರಲೇ ಎಂದು ಕೇಳಿದಾಗ ಕೈಯಿಂದ ಬೇಡವೆಂದಳು.

ಒಂದು ಭಾನುವಾರ ಬೆಳಿಗ್ಗೆ ಹಾಸಿಗೆಯ ಮೂಲೆ ಮಡಿಸುತ್ತಾ ನಿಂತಿದ್ದಾಗ, ಇನ್ನು ಹೆಚ್ಚು ದಿನವಿಲ್ಲವೆಂದು ನನಗೆ ಗೊತ್ತಿದ್ದುದರಿಂದ, ಹೇಳಿದೆ.

“ನನ್ನ ತಪ್ಪಾತು. ಮನಸ್ಸಿನಾಗ ಇಟ್ಟುಕೋಬ್ಯಾಡ.”

“ಯಾವ ತಪ್ಪು?”

“ಮೊದಲ ದಿನಾನ ಹೇಳಲಿಲ್ಲ. ಪುಸ್ತಕ ಸುಳ್ಳು ಓದಿದೆ.”

ಆಕೆ ಕಣ್ಣು ಮುಚ್ಚಿದಳು. ನಿದ್ದೆ ಹೋದಳೆಂದುಕೊಂಡೆ.

“ಮೊದಲ ದಿನಾನ ಹೇಳಿದ್ರ ನಾನು ಬಾಗಲಾ ಹಾಕ್ತಿದ್ನಿ ಅಂತ ಮಾಡೀರೇನು,” ಎಂದಳು. “ಹಾಕ್ತಿದ್ನೋ, ತಗೀತಿದ್ನೋ. ಅದನ್ನ ನಾನು ನೋಡಬೇಕಿತ್ತು. ನೀವು ಇಬ್ರೂ ಕೂಡಿ ನನಗ ನೋಡಾಕ ಬಿಡಲಿಲ್ಲ.”

ನಾನು ನಿಂತೇ ಇದ್ದೆ. ಮೂವತ್ತಕ್ಕಿಂತ ಹೆಚ್ಚು ಪುಸ್ತಕ ಓದಿದವಳು ನಾನು, ಇಂಥ ಮಾತಿನ ನಂತರ ಇನ್ನೊಂದು ಮಾತು ಬರುತ್ತದೆಂದು ಕಾಯುವುದು ಅಭ್ಯಾಸವಾಗಿತ್ತು. ಅವನಿಗೆ ಆಕೆ ಕಾಲು ತೊಳೆದಿದ್ದಳು.

“ನಲ್ಲಿ ಬಂದಿರಬೇಕು,” ಎಂದಳು. “ಕೊಡ ಇಟ್ಟು ಬರ್ರಿ.”

ಎರಡೂ ಕೊಡ ತೆಗೆದುಕೊಂಡು ಹೋಗಿ ಸಾಲಿನಲ್ಲಿ ನಿಂತೆ. ಮುಂದೆ ಏಳೆಂಟು ಜನರಿದ್ದರು. ಆಕೆಯ ಕೊಡ ಗುರುತಿಸಿ ಒಬ್ಬಿಬ್ಬರು ತಮ್ಮದನ್ನು ಪಕ್ಕಕ್ಕೆ ಎಳೆದುಕೊಂಡರು. ತುಂಬಿಸಿಕೊಂಡು ಬರುವಷ್ಟರಲ್ಲಿ ಆಕೆ ಗೋಡೆಯ ಕಡೆ ಮಗ್ಗುಲಾಗಿ ಮಲಗಿದ್ದಳು.

ಇನ್ನೂ ಹತ್ತೊಂಬತ್ತು ದಿನ ಬದುಕಿದ್ದಳು. ಅಷ್ಟೂ ದಿನ ನೀರು ನಾನೇ ತಂದೆ. ಆ ಮಾತನ್ನು ಆಕೆ ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ.